ಕಾಲೇಜು ಆಟ, ಟಿವಿ ದುಡ್ಡು, ಕಾನ್ಫರೆನ್ಸ್‌ಗಳ ಗುಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒರೆಗಾನ್‌ಗೆ ಬಂದು ಹದಿನೈದು ವರ್ಷ ದಾಟಿತು. ಇಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಶನಿವಾರ ಯಾರ ಮನೆಗೆ ಹೋದರೂ ಟಿವಿಯಲ್ಲಿ ಕಾಲೇಜು ಫುಟ್‌ಬಾಲ್ ಓಡುತ್ತಿರುತ್ತದೆ. ಎಂಎಸ್ ಓದಲು ಬಂದ ಹುಡುಗರು, ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ಹಿರಿಯರು, ಊರಿನಿಂದ ಫೋನ್ ಮಾಡುವ ಕ್ರಿಕೆಟ್ ಹುಚ್ಚಿನ ಗೆಳೆಯರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಒಂದೇ ಉತ್ತರವನ್ನು ಎಷ್ಟು ಸಲ ಟೈಪ್ ಮಾಡಲಿ ಎಂದು ಒಂದು ಕಡೆ ಬರೆದಿಟ್ಟೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಫುಟ್‌ಬಾಲ್ ಎಂದರೆ ಇಲ್ಲಿ ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಅಮೆರಿಕನ್ ಫುಟ್‌ಬಾಲ್. ಲೆಕ್ಕವೆಲ್ಲ ಕೋಟಿ ಡಾಲರ್‌ಗಳಲ್ಲಿ.

## ಅ, ಆ, ಇ, ಈ

"ಅಲ್ಲಪ್ಪಾ, ಕಾಲೇಜು ಹುಡುಗರ ಆಟವನ್ನ ದುಡ್ಡು ಕೊಟ್ಟು ಯಾರು ನೋಡ್ತಾರೆ?"

ಊರಿಗೆ ಊರೇ ನೋಡುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಸೀಟುಗಳಿವೆ. ಅದು ಇರುವ ಆ್ಯನ್ ಆರ್ಬರ್ ಊರಿನ ಒಟ್ಟು ಜನಸಂಖ್ಯೆಯೇ ಒಂದೂಕಾಲು ಲಕ್ಷದ ಹತ್ತಿರ. ನೆಬ್ರಾಸ್ಕಾದ ಲಿಂಕನ್‌ನಲ್ಲಿ 1962ರಿಂದ ಈಚೆಗೆ ತವರಿನ ಒಂದು ಪಂದ್ಯದ ಟಿಕೆಟ್ಟೂ ಉಳಿದಿಲ್ಲ.

ನೆಬ್ರಾಸ್ಕಾ, ಅಲಬಾಮಾದಂಥ ರಾಜ್ಯಗಳಲ್ಲಿ ದೊಡ್ಡ ವೃತ್ತಿಪರ ತಂಡ ಒಂದೂ ಇಲ್ಲ. ಅಲ್ಲಿ ವಿಶ್ವವಿದ್ಯಾಲಯದ ತಂಡವೇ ರಾಜ್ಯದ ತಂಡ. ಕಾಲೇಜಿನ ಮೆಟ್ಟಿಲು ಹತ್ತದವರೂ ಅದರ ಬಣ್ಣದ ಟೋಪಿ ಹಾಕಿಕೊಳ್ಳುತ್ತಾರೆ. ಓದಿ ಹೋದವರಂತೂ ಸರಿಯೇ, ಸಾಯುವವರೆಗೂ ಬಿಡುವುದಿಲ್ಲ.

"ಕಾನ್ಫರೆನ್ಸ್ ಅಂದ್ರೆ ರಣಜಿಯಲ್ಲಿ ಇರೋ ಗ್ರೂಪ್ ತರಹಾನಾ?"

ಅಲ್ಲ. ರಣಜಿಯ ಗುಂಪನ್ನು ಮೇಲಿನವರು ಮಾಡಿ ಕೊಡುತ್ತಾರೆ. ಕಾನ್ಫರೆನ್ಸ್ ಎನ್ನುವುದು ವಿಶ್ವವಿದ್ಯಾಲಯಗಳು ತಾವೇ ಸೇರಿ ಕಟ್ಟಿಕೊಂಡ ಸಂಘ. ಸಹಕಾರ ಸಂಘದ ಹಾಗೆ ಅದಕ್ಕೆ ಸದಸ್ಯರಿದ್ದಾರೆ, ಮತವಿದೆ, ಲಾಭದ ಹಂಚಿಕೆಯಿದೆ. ಬಿಟ್ಟು ಹೋಗುವ ಬಾಗಿಲೂ ಇದೆ.

ಬಿಗ್ ಟೆನ್ 1896ರದು. ಆಮೇಲೆ ಪ್ಯಾಕ್-12 ಎನಿಸಿಕೊಂಡ ಸಂಘದ ಬೇರು 1915ರ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿದೆ. ಆ ಕಾಲಕ್ಕೆ ಸಂಘ ಕಟ್ಟುವ ನಿಯಮ ಸರಳವಾಗಿತ್ತು: ರೈಲಿನಲ್ಲಿ ಹೋಗಿ ಆಡಿ ಬರುವಷ್ಟು ಹತ್ತಿರ ಇರಬೇಕು. ಈಗ ಬಿಗ್ ಟೆನ್‌ನಲ್ಲಿ 18 ವಿಶ್ವವಿದ್ಯಾಲಯಗಳಿವೆ, ಬಿಗ್ 12ರಲ್ಲಿ 16. ಹೆಸರಿನಲ್ಲಿ ಅಟ್ಲಾಂಟಿಕ್ ಇರುವ ಎಸಿಸಿಯ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಇಬ್ಬರು ಸದಸ್ಯರು ಪೆಸಿಫಿಕ್ ದಂಡೆಯವರು. ಹೆಸರು ಬದಲಿಸಿಲ್ಲ, ಏಕೆಂದರೆ ಹೆಸರಿಗೂ ಬೆಲೆಯಿದೆ.

"ಎನ್‌ಸಿಎಎ ಅಂತ ಒಂದಿದೆಯಲ್ಲ, ಅದು ನಮ್ಮ ಬಿಸಿಸಿಐ ಇದ್ದ ಹಾಗೆ ಅಲ್ವಾ?"

ಎಲ್ಲರೂ ಎಡವುವುದು ಇಲ್ಲೇ. ಬಿಸಿಸಿಐ 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕನ್ನು ತಾನೇ ಹರಾಜಿಗಿಟ್ಟು 48,390 ಕೋಟಿ ರೂಪಾಯಿಗೆ ಮಾರಿತು. ಆರ್‌ಸಿಬಿಗೆ ಅಭಿಮಾನಿಗಳು ಜಾಸ್ತಿ ಎಂದು ಅದು ಎದ್ದು ಹೋಗಿ ಬೇರೆ ಲೀಗ್ ಸೇರುವಂತಿಲ್ಲ. ಎನ್‌ಸಿಎಎ ಕಾಲೇಜು ಆಟಗಳ ರಾಷ್ಟ್ರೀಯ ಸಂಸ್ಥೆ ಹೌದು, ಆದರೆ ಅದರ ಕೈಯಲ್ಲಿ ಮೇಲ್ದರ್ಜೆಯ ಫುಟ್‌ಬಾಲ್‌ನ ಪ್ರಸಾರ ಹಕ್ಕೇ ಇಲ್ಲ. ಅದು ಮಾರುವುದು ಮುಖ್ಯವಾಗಿ ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಟೂರ್ನಿಯನ್ನು: 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಎಂಬ ಟಿವಿ ಕಂಪನಿಗಳಿಗೆ 14 ವರ್ಷಕ್ಕೆ 1,080 ಕೋಟಿ ಡಾಲರ್, 2016ರಲ್ಲಿ ಇನ್ನೊಂದು 880 ಕೋಟಿ ಸೇರಿಸಿ 2032ರವರೆಗೆ. ಫುಟ್‌ಬಾಲ್‌ನಲ್ಲಿ ಲೀಗ್ ಪಂದ್ಯಗಳನ್ನು ಕಾನ್ಫರೆನ್ಸ್‌ಗಳು ಮಾರುತ್ತವೆ. ಕೊನೆಯ ಪ್ಲೇಆಫ್‌ಗೆ ಬೇರೆಯದೇ ಸಂಸ್ಥೆ ಇದೆ. ಅದು ಇಎಸ್‌ಪಿಎನ್ ಜೊತೆ ಆರು ವರ್ಷಕ್ಕೆ 780 ಕೋಟಿಯ ಒಪ್ಪಂದ ಮಾಡಿಕೊಂಡಿದೆ.

ಅಂದರೆ ಯಜಮಾನನಿಲ್ಲದ ಮನೆ. ಮುಂದಿನ ಕಥೆಯೆಲ್ಲ ಇದರಿಂದಲೇ ಹುಟ್ಟಿದ್ದು.

"ಶನಿವಾರವೇ ಯಾಕೆ? ಭಾನುವಾರ ಆಡಬಾರದಾ?"

ಭಾನುವಾರ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನದು, ಶುಕ್ರವಾರ ರಾತ್ರಿ ಹೈಸ್ಕೂಲ್ ಮಕ್ಕಳದು. ಇದು ಬರೀ ರೂಢಿಯಲ್ಲ. ವೃತ್ತಿಪರ ಲೀಗ್‌ಗಳು ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರಬಹುದು ಎಂದು 1961ರ ಕಾಯ್ದೆ ಅನುಮತಿ ಕೊಟ್ಟಿತು. ಬದಲಿಗೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಮಧ್ಯದವರೆಗೆ ಶುಕ್ರವಾರ ರಾತ್ರಿ, ಶನಿವಾರ ಎನ್‌ಎಫ್‌ಎಲ್ ಪಂದ್ಯ ಪ್ರಸಾರ ಮಾಡಿದರೆ ಆ ಅನುಮತಿ ಇಲ್ಲ ಎಂದಿತು. ಕಾಲೇಜುಗಳಿಗೆ ಶನಿವಾರ ಸಿಕ್ಕಿತು, ಒಟ್ಟಾಗಿ ಮಾರುವ ಅನುಮತಿ ಸಿಗಲಿಲ್ಲ.

## ದುಡ್ಡಿನ ಬಾಗಿಲು ತೆರೆದದ್ದು

"1984, 1984 ಅಂತ ಎಲ್ಲರೂ ಹೇಳ್ತಾರೆ. ಅವತ್ತು ಆಗಿದ್ದಾದ್ರೂ ಏನು?"

ಅಲ್ಲಿಯವರೆಗೆ ಟಿವಿಯಲ್ಲಿ ಯಾವ ಪಂದ್ಯ, ಎಷ್ಟು ಸಲ, ಎಷ್ಟು ದುಡ್ಡಿಗೆ ಎಂಬುದನ್ನೆಲ್ಲ ಎನ್‌ಸಿಎಎ ನಿರ್ಧರಿಸುತ್ತಿತ್ತು. ಟಿವಿಯಲ್ಲಿ ತೋರಿಸಿದರೆ ಮೈದಾನಕ್ಕೆ ಯಾರೂ ಬರುವುದಿಲ್ಲ ಎಂಬ 1950ರ ದಶಕದ ಹೆದರಿಕೆ ಅದು. ಎಷ್ಟೇ ಹೆಸರುವಾಸಿ ತಂಡವಾದರೂ ಎರಡು ವರ್ಷದಲ್ಲಿ ಆರಕ್ಕಿಂತ ಹೆಚ್ಚು ಸಲ ತೆರೆಯ ಮೇಲೆ ಬರುವಂತಿರಲಿಲ್ಲ.

ಇದರ ಹುಚ್ಚಾಟಕ್ಕೆ ಕೋರ್ಟ್ ದಾಖಲೆಯಲ್ಲೇ ಒಂದು ಉದಾಹರಣೆಯಿದೆ. 1981ರ ಒಂದು ಶನಿವಾರ ಒಕ್ಲಹೋಮಾ ಮತ್ತು ಯುಎಸ್‌ಸಿ ನಡುವಿನ ಭಾರಿ ಪಂದ್ಯ ಇನ್ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ಪ್ರಸಾರವಾಯಿತು. ಅದೇ ದಿನ ಸಿಟಡೆಲ್ ಮತ್ತು ಆಪಲಾಚಿಯನ್ ಸ್ಟೇಟ್ ನಡುವಿನ ಪಂದ್ಯ ನಾಲ್ಕೇ ನಾಲ್ಕು ಕೇಂದ್ರಗಳಲ್ಲಿ ಬಂತು. ನಾಲ್ಕೂ ತಂಡಕ್ಕೆ ಸಿಕ್ಕ ದುಡ್ಡು ಒಂದೇ. ಒಕ್ಲಹೋಮಾದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಒಕ್ಲಹೋಮಾ ಮತ್ತು ಜಾರ್ಜಿಯಾ ಕೋರ್ಟಿಗೆ ಹೋದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7-2ರ ತೀರ್ಪು ಕೊಟ್ಟಿತು: ಎನ್‌ಸಿಎಎ ಮಾಡುತ್ತಿರುವುದು ಸ್ಪರ್ಧೆಯನ್ನು ಕಟ್ಟಿಹಾಕುವ ಕೆಲಸ, ಕಾನೂನುಬಾಹಿರ. ಒಪ್ಪದ ಇಬ್ಬರಲ್ಲಿ ಒಬ್ಬರು ನ್ಯಾಯಮೂರ್ತಿ ಬೈರನ್ ವೈಟ್. ಕಾಲೇಜಿನಲ್ಲಿ ಕೊಲರಾಡೊ ಪರ ಆಡಿ ದೇಶಕ್ಕೇ ಹೆಸರಾಗಿದ್ದವರು. ಕಾಲೇಜು ಆಟವನ್ನು ಬರೀ ವ್ಯಾಪಾರದ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ಅವರ ವಾದದ ಸಾರ. ಪೀಠದಲ್ಲಿ ಚೆಂಡು ಹಿಡಿದು ಓಡಿ ಗೊತ್ತಿದ್ದವರೇ ಸೋತರು ಎಂದು ನಾನು ತಮಾಷೆಗೆ ಹೇಳುವುದುಂಟು.

ತೀರ್ಪು ಬಂದ ಕೂಡಲೇ ದುಡ್ಡಿನ ಮಳೆ ಸುರಿಯಲಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಎಲ್ಲರೂ ಒಮ್ಮೆಲೇ ಮಾರಲು ನಿಂತರು, ಸಂತೆಯಲ್ಲಿ ಟೊಮೆಟೊ ತುಂಬಿದ ದಿನದಂತೆ ಬೆಲೆ ಬಿತ್ತು. ಪಾಠ ಕಲಿತ ಮೇಲೆ ಕಾನ್ಫರೆನ್ಸ್‌ಗಳು ತಮ್ಮ ತಮ್ಮ ಸದಸ್ಯರ ಪಂದ್ಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಾರತೊಡಗಿದವು. ಗಂಟು ದೊಡ್ಡದಾದಷ್ಟೂ ಚೌಕಾಶಿಗೆ ಬಲ. ಪಕ್ಕದ ಕಾನ್ಫರೆನ್ಸ್‌ನ ಒಳ್ಳೆಯ ತಂಡದ ಮೇಲೆ ಕಣ್ಣು ಬೀಳಲು ಶುರುವಾದದ್ದು ಆಗ.

"ನೋಟರ್ ಡೇಮ್ ಮಾತ್ರ ಯಾಕೆ ಒಂಟಿ ಸಲಗ?"

ಅದಕ್ಕೆ ಗಂಟು ಬೇಕಿಲ್ಲವಾದ್ದರಿಂದ. ದೇಶದ ತುಂಬ ಕ್ಯಾಥೊಲಿಕ್ ಅಭಿಮಾನಿಗಳಿರುವ ಈ ವಿಶ್ವವಿದ್ಯಾಲಯ 1990ರಲ್ಲಿ ಎನ್‌ಬಿಸಿ ಜೊತೆ ಒಬ್ಬಂಟಿಯಾಗಿ ಒಪ್ಪಂದ ಮಾಡಿಕೊಂಡಿತು, ಐದು ವರ್ಷಕ್ಕೆ 3.8 ಕೋಟಿ ಡಾಲರ್. ಫುಟ್‌ಬಾಲ್‌ಗೆ ಇಂದಿಗೂ ಸ್ವತಂತ್ರ, ಉಳಿದ ಬಹುಪಾಲು ಆಟಗಳಿಗೆ ಎಸಿಸಿ ಸದಸ್ಯ. ಊಟ ಒಂದು ಮನೆ, ವಾಸ ಒಂದು ಮನೆ.

"ಟಿವಿಯವರು ಯಾವ ಲೆಕ್ಕದ ಮೇಲೆ ಕೊಡ್ತಾರೆ? ಎಷ್ಟು ಜನ ನೋಡ್ತಾರೆ ಅನ್ನೋದರ ಮೇಲಾ?"

ಈಗ ಹೌದು. ಸ್ವಲ್ಪ ಹಿಂದಿನವರೆಗೆ ಎಷ್ಟು ಮನೆಯವರು *ನೋಡದೆಯೂ* ದುಡ್ಡು ಕಟ್ಟುತ್ತಾರೆ ಎಂಬುದರ ಮೇಲೆ.

ಬಿಗ್ ಟೆನ್ 2007ರ ಆಗಸ್ಟ್ 30ರಂದು ತನ್ನದೇ ಚಾನೆಲ್ ಶುರು ಮಾಡಿತು. ಎರಡೇ ದಿನಕ್ಕೆ ದೇಶದ ಐದನೇ ಕ್ರಮಾಂಕದ ಮಿಷಿಗನ್ ತಂಡ ತನ್ನ ಭಾರಿ ಮೈದಾನದಲ್ಲಿ ಕೆಳದರ್ಜೆಯ ಆಪಲಾಚಿಯನ್ ಸ್ಟೇಟ್ ಎದುರು 34-32ರಿಂದ ಸೋತುಹೋಯಿತು. ಹೌದು, ನಾಲ್ಕು ಕೇಂದ್ರಗಳ ಅದೇ ಆಪಲಾಚಿಯನ್ ಸ್ಟೇಟ್. ಆ ದಶಕದ ಅತಿ ದೊಡ್ಡ ಅಚ್ಚರಿ ಪ್ರಸಾರವಾದದ್ದು ಬಹಳಷ್ಟು ಮನೆಗಳಿಗೆ ಇನ್ನೂ ತಲುಪದ ಚಾನೆಲ್‌ನಲ್ಲಿ. ಮರುದಿನದಿಂದ ಕೇಬಲ್ ಕಂಪನಿಗಳಿಗೆ ಜನ ಫೋನ್ ಮಾಡಿ ಬೈಯತೊಡಗಿದರು.

ಆ ಚಾನೆಲ್‌ನ ಲೆಕ್ಕ ಹೀಗೆ: ಸದಸ್ಯ ವಿಶ್ವವಿದ್ಯಾಲಯವಿರುವ ರಾಜ್ಯದಲ್ಲಿ ಪ್ರತಿ ಕೇಬಲ್ ಮನೆಯಿಂದ ತಿಂಗಳಿಗೆ ಒಂದು ಡಾಲರ್ ಆಸುಪಾಸು. ಹೊರಗಿನ ಮನೆಗಳಿಂದ ಅದರ ಚಿಲ್ಲರೆ. ಆ ಮನೆಯಜ್ಜಿ ದಿನವಿಡೀ ಅಡುಗೆ ಕಾರ್ಯಕ್ರಮ ನೋಡಿದರೂ ಡಾಲರ್ ಕಟ್ಟಲೇಬೇಕು. ಹಾಗಾಗಿ 2014ರಲ್ಲಿ ರಟ್ಗರ್ಸ್ ಮತ್ತು ಮೇರಿಲ್ಯಾಂಡ್ ಬಿಗ್ ಟೆನ್ ಸೇರಿದಾಗ ಅವರ ಫುಟ್‌ಬಾಲ್ ತಂಡ ಹೇಗಿದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ರಟ್ಗರ್ಸ್ 1869ರ ಮೊಟ್ಟಮೊದಲ ಕಾಲೇಜು ಪಂದ್ಯ ಆಡಿದ ಸಂಸ್ಥೆ, ಆದರೆ ಬೇಕಾಗಿದ್ದುದು ಆ ಚರಿತ್ರೆಯಲ್ಲ. ರಟ್ಗರ್ಸ್ ಹಿಂದೆ ನ್ಯೂಯಾರ್ಕ್ ಸುತ್ತಲಿನ, ಮೇರಿಲ್ಯಾಂಡ್ ಹಿಂದೆ ವಾಷಿಂಗ್ಟನ್ ಸುತ್ತಲಿನ ಕೇಬಲ್ ಮನೆಗಳಿದ್ದವು.

ಆಮೇಲೆ ಜನ ಕೇಬಲ್ ಕಿತ್ತೆಸೆಯತೊಡಗಿದರು. 2011ರಲ್ಲಿ ಇಎಸ್‌ಪಿಎನ್ ಸುಮಾರು 10 ಕೋಟಿ ಮನೆಗಳಲ್ಲಿತ್ತು, ಈಗ 7 ಕೋಟಿಗಿಂತ ಕಡಿಮೆ. ಊರಿನ ಬೆಲೆ ಇಳಿದು ತಂಡದ ಬೆಲೆ ಏರಿತು. ಶನಿವಾರ ರಾತ್ರಿ ನಲವತ್ತು ಲಕ್ಷ ಜನರನ್ನು ಟಿವಿ ಮುಂದೆ ಕೂರಿಸುವ ಹೆಸರುಗಳು ಬೇಕಾದವು. ಟೆಕ್ಸಸ್, ಒಕ್ಲಹೋಮಾ, ಯುಎಸ್‌ಸಿಗಳಿಗೆ ಬಲೆ ಬಿದ್ದದ್ದು ಈ ಎರಡನೇ ಸುತ್ತಿನಲ್ಲಿ.

"ಯಾವ ಕಾನ್ಫರೆನ್ಸ್‌ಗೆ ಎಷ್ಟು? ಅಂದಾಜು ಸಾಕು."

ಬಿಗ್ ಟೆನ್: ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂವರಿಂದ ಸೇರಿ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೇಲೆ. ಬಿಗ್ 12: ಇಎಸ್‌ಪಿಎನ್ ಮತ್ತು ಫಾಕ್ಸ್‌ನಿಂದ ಆರು ವರ್ಷಕ್ಕೆ 228 ಕೋಟಿ, ಒಪ್ಪಂದ ಆದಾಗಿನ ಲೆಕ್ಕದಲ್ಲಿ ಸದಸ್ಯರಿಗೆ ವರ್ಷಕ್ಕೆ ತಲಾ 3.17 ಕೋಟಿ. ದಕ್ಷಿಣ ರಾಜ್ಯಗಳ ಎಸ್‌ಇಸಿಯ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ವಾರದ ಮುಖ್ಯ ಪಂದ್ಯಕ್ಕೆ ಸಿಬಿಎಸ್ ವರ್ಷಕ್ಕೆ 5.5 ಕೋಟಿ ಕೊಡುತ್ತಿತ್ತು. 2024ರಿಂದ ಅದೇ ಪಂದ್ಯಗಳಿಗೆ ಇಎಸ್‌ಪಿಎನ್ ಕೊಡುವುದು ವರ್ಷಕ್ಕೆ ಸುಮಾರು 30 ಕೋಟಿ. ಐದು ಪಟ್ಟು ಮೀರಿತು.

## ಪ್ಯಾಕ್-12ರ ಕಥೆ

"ನೂರು ವರ್ಷದ ಕಾನ್ಫರೆನ್ಸ್ ಒಂದೇ ತಿಂಗಳಲ್ಲಿ ಹೇಗೆ ಮುಗಿದೋಯ್ತು?"

ಮುಗಿದದ್ದು ಒಂದು ತಿಂಗಳಲ್ಲಿ, ಗೆದ್ದಲು ಹಿಡಿದದ್ದು ಹತ್ತು ವರ್ಷ ಮೊದಲು. 2011ರಲ್ಲಿ ಪ್ಯಾಕ್-12 ಇಎಸ್‌ಪಿಎನ್, ಫಾಕ್ಸ್ ಜೊತೆ 12 ವರ್ಷಕ್ಕೆ 300 ಕೋಟಿಯ ಒಪ್ಪಂದ ಮಾಡಿಕೊಂಡು ಬೀಗಿತು. ಮರುವರ್ಷ ಸ್ವಂತ ಚಾನೆಲ್ ತೆರೆಯಿತು. ಬಿಗ್ ಟೆನ್ ಫಾಕ್ಸ್ ಜೊತೆ, ಎಸ್‌ಇಸಿ ಇಎಸ್‌ಪಿಎನ್ ಜೊತೆ ಪಾಲುದಾರಿಕೆಯಲ್ಲಿ ಚಾನೆಲ್ ನಡೆಸಿದವು. ಪ್ಯಾಕ್-12 ಪೂರ್ತಿ ಮಾಲೀಕತ್ವ ನಮ್ಮದೇ ಇರಲಿ ಎಂದಿತು. ಒಂದಲ್ಲ, ಏಳು ಚಾನೆಲ್. ಕಚೇರಿ ಸ್ಯಾನ್ ಫ್ರಾನ್ಸಿಸ್ಕೋದ ದುಬಾರಿ ಬಾಡಿಗೆಯಲ್ಲಿ. ಡೈರೆಕ್‌ಟಿವಿ ಎಂಬ ಡಿಶ್ ಕಂಪನಿ ಮಾತ್ರ ಕೊನೆಯವರೆಗೂ ಆ ಚಾನೆಲ್ ಹಾಕಿಕೊಳ್ಳಲೇ ಇಲ್ಲ. ಪೂರ್ವ ಕರಾವಳಿಯವರು ಮಲಗಿದ ಮೇಲೆ ಶುರುವಾಗುವ ನಮ್ಮ ಪಂದ್ಯಗಳನ್ನು ನೋಡುವವರೂ ಕಡಿಮೆ.

2021ರ ಜುಲೈನಲ್ಲಿ ಟೆಕ್ಸಸ್, ಒಕ್ಲಹೋಮಾ ಎಸ್‌ಇಸಿಗೆ ಹೊರಟವು. ಗಾಬರಿಬಿದ್ದ ಬಿಗ್ ಟೆನ್, ಎಸಿಸಿ, ಪ್ಯಾಕ್-12 ಮೂವರೂ ಸೇರಿ ಆಗಸ್ಟ್‌ನಲ್ಲಿ ಒಂದು ಮೈತ್ರಿ ಘೋಷಿಸಿದರು. ಸಹಿ ಹಾಕಿದ ಕಾಗದ ಇರಲಿಲ್ಲ, ಬಾಯಿಮಾತಿನ ನಂಬಿಕೆ. ವರ್ಷ ತುಂಬುವ ಮೊದಲೇ, 2022ರ ಜೂನ್ 30ರಂದು, ಅದೇ ಬಿಗ್ ಟೆನ್ ಪ್ಯಾಕ್-12ರ ಕಣ್ಣುಗಳೆರಡನ್ನೂ ಕಿತ್ತುಕೊಂಡಿತು: ಯುಎಸ್‌ಸಿ, ಯುಸಿಎಲ್‌ಎ. ಎರಡೂ ಲಾಸ್ ಏಂಜಲಿಸ್‌ನವು.

ಉಳಿದ ಹತ್ತು ಸದಸ್ಯರ ಒಪ್ಪಂದ 2024ಕ್ಕೆ ಮುಗಿಯುವುದಿತ್ತು. ಇಎಸ್‌ಪಿಎನ್ ವರ್ಷಕ್ಕೆ ತಲಾ 3 ಕೋಟಿ ಹೇಳಿತು, ಇವರು 5 ಕೋಟಿ ಕೇಳಿದರು, ಮಾತು ಮುರಿಯಿತು ಎಂದು ಆಮೇಲೆ ಪತ್ರಿಕೆಗಳು ವರದಿ ಮಾಡಿದವು. ಅಷ್ಟರಲ್ಲಿ ಸರದಿಯಲ್ಲಿ ಹಿಂದಿದ್ದ ಬಿಗ್ 12 ಮುಂದೆ ಬಂದು 3.17 ಕೋಟಿಗೆ ತೃಪ್ತಿಪಟ್ಟು ಸಹಿ ಹಾಕಿಬಿಟ್ಟಿತು. ಚಾನೆಲ್‌ಗಳ ಜೇಬು ಖಾಲಿಯಾಯಿತು.

2023ರ ಜುಲೈ 27ರಂದು ಕೊಲರಾಡೊ ಹೊರಟಿತು. ಕೊನೆಗೆ ಕೈಗೆ ಬಂದದ್ದು ಆಪಲ್‌ನ ಸ್ಟ್ರೀಮಿಂಗ್ ಒಪ್ಪಂದ: ಖಾತ್ರಿ ಮೊತ್ತ ತಲಾ 2.3ರಿಂದ 2.5 ಕೋಟಿ, ಚಂದಾದಾರರು ಹೆಚ್ಚಿದರೆ ಹೆಚ್ಚು. ಆಗಸ್ಟ್ 4ರ ಶುಕ್ರವಾರ ಬೆಳಿಗ್ಗೆ ಒಂಬತ್ತು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸಹಿ ಹಾಕಲು ಸೇರಬೇಕಿತ್ತು. ಸಹಿ ಆಗಲಿಲ್ಲ. ಸಂಜೆಯ ಹೊತ್ತಿಗೆ ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್, ಬರ್ಕ್‌ಲಿ ಎಸಿಸಿಗೆ. ಉಳಿದವರು ಇಬ್ಬರು.

ವಿಧಿಯ ಆಟ ನೋಡಿ: ಆ ಕೊನೆಯ ವರ್ಷ ಪ್ಯಾಕ್-12 ಎಂದಿಗಿಂತ ಚೆನ್ನಾಗಿ ಆಡಿತು. ಡಿಸೆಂಬರ್ 1ರಂದು ಲಾಸ್ ವೇಗಸ್‌ನಲ್ಲಿ ಕೊನೆಯ ಫೈನಲ್ ಆಡಿದ ಎರಡೂ ತಂಡ ಮನೆ ಬಿಟ್ಟು ಹೊರಟವೇ. ವಾಷಿಂಗ್ಟನ್ 34-31ರಿಂದ ಒರೆಗಾನ್ ಅನ್ನು ಸೋಲಿಸಿ ರಾಷ್ಟ್ರೀಯ ಫೈನಲ್‌ವರೆಗೂ ಹೋಯಿತು.

"ತಪ್ಪು ಯಾರದು? ನೇರವಾಗಿ ಹೇಳಿ."

ಮನೆಯ ಹಿರಿಯರದು, ಅಂದರೆ ಪ್ಯಾಕ್-12 ನಡೆಸಿದವರದು ಎಂದೇ ನನ್ನ ಅಭಿಪ್ರಾಯ. ಒರೆಗಾನ್ ಆಸೆಬುರುಕ ಎಂದು ನಮ್ಮ ಕಡೆ ಬೈಯುವವರಿದ್ದಾರೆ. ಆದರೆ ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ ಹೋದದ್ದೂ ಅರ್ಧ ಪಾಲಿಗೆ, ಶುರುವಿಗೆ ವರ್ಷಕ್ಕೆ 3 ಕೋಟಿಯಷ್ಟಕ್ಕೆ. ಅಂದರೆ ಹಿಂದೆ ಇಎಸ್‌ಪಿಎನ್ ಹೇಳಿದ ಮೊತ್ತಕ್ಕೆ ಒಪ್ಪಿದ್ದರೆ ಮನೆ ಉಳಿಯುತ್ತಿತ್ತೋ ಏನೋ. ಆಪಲ್ ಅನ್ನು ದೂರುವುದರಲ್ಲಿ ಹುರುಳಿಲ್ಲ, ಅದು ತನಗೆ ಕಂಡ ಬೆಲೆ ಹೇಳಿತು.

"ಉಳಿದ ಇಬ್ಬರ ಗತಿ ಏನಾಯ್ತು?"

ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಅತ್ತುಕೊಂಡು ಕೂರಲಿಲ್ಲ. ಬಿಟ್ಟು ಹೋದವರಿಗೆ ಆಡಳಿತ ಮಂಡಳಿಯಲ್ಲಿ ಮತ ಹಾಕುವ ಹಕ್ಕಿಲ್ಲ ಎಂದು ವಾಷಿಂಗ್ಟನ್ ರಾಜ್ಯದ ವಿಟ್ಮನ್ ಕೌಂಟಿ ಕೋರ್ಟಿಗೆ ಹೋಗಿ ಗೆದ್ದವು. ಹೆಸರು, ಖಜಾನೆ ಎರಡೂ ಉಳಿದವರ ಕೈಗೆ ಬಂತು. ರಾಜಿಯಲ್ಲಿ ಹೊರಟ ಹತ್ತು ಮಂದಿ ಒಟ್ಟು 6.5 ಕೋಟಿ ಬಿಟ್ಟುಕೊಟ್ಟರು. ಎರಡು ವರ್ಷ ಅವರಿವರ ಜೊತೆ ಆಡಿಕೊಂಡು ಕಾಲ ತಳ್ಳಿ, ಆ ದುಡ್ಡಿನಿಂದಲೇ ಮನೆ ಮತ್ತೆ ಕಟ್ಟಿದರು. ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೆಗೊ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್ ಸೇರಿದವು. ಫುಟ್‌ಬಾಲ್ ಇಲ್ಲದ ಗೊಂಜಾಗ ಕೂಡ. 2026ರ ಜುಲೈ 1 ಹೊಸ ಸಂಸಾರದ ಮೊದಲ ದಿನ. ಮೊದಲಿನ ಮೆರುಗು ಇಲ್ಲ, ದೀಪ ಆರಿಲ್ಲ.

"ಒರೆಗಾನ್–ಒರೆಗಾನ್ ಸ್ಟೇಟ್ ಪಂದ್ಯಕ್ಕೆ ಈಗಲೂ ಅಷ್ಟೇ ಜೋರು ಇದೆಯಾ, ಅಣ್ಣಾ?"

ಇಲ್ಲ ತಮ್ಮಾ. ಯೂಜಿನ್ ಮತ್ತು ಕೊರ್ವಾಲಿಸ್ ನಡುವೆ ಕಾರಿನಲ್ಲಿ ಒಂದು ಗಂಟೆ ಹಾದಿ. 1894ರಿಂದ ಆಡುತ್ತಿರುವ ಜೋಡಿ. ಗಂಡ ಒಂದು ಕಾಲೇಜು, ಹೆಂಡತಿ ಇನ್ನೊಂದು ಆಗಿದ್ದರೆ ಮನೆಯ ಮುಂದೆ ಅರ್ಧ ಹಸಿರು, ಅರ್ಧ ಕಿತ್ತಳೆ ಬಣ್ಣದ ಬಾವುಟ ಹಾರುತ್ತದೆ. ಪಂದ್ಯ ನಡೆಯುತ್ತಿದ್ದುದು ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ. ನಮ್ಮ ಬೀದಿಯ ಅಜ್ಜ ಒಬ್ಬರು ಜಿಟಿಜಿಟಿ ಮಳೆಯಲ್ಲಿ ಕಿತ್ತಳೆ ರೇನ್‌ಕೋಟ್ ತೊಟ್ಟು, ಫ್ಲಾಸ್ಕಿನಲ್ಲಿ ಸೂಪು ತುಂಬಿಸಿಕೊಂಡು ಹೊರಡುತ್ತಿದ್ದರು. 2024ರಲ್ಲಿ ಅದೇ ಪಂದ್ಯ ಸೆಪ್ಟೆಂಬರ್ 14ಕ್ಕೆ ಬಂತು, ಏಕೆಂದರೆ ನವೆಂಬರ್ ಕೊನೆಯ ವಾರ ಈಗ ಬಿಗ್ ಟೆನ್‌ನ ಸ್ವತ್ತು. ಅಜ್ಜ ಟೀ ಶರ್ಟಿನಲ್ಲಿ, ಬೆವರು ಒರೆಸಿಕೊಳ್ಳುತ್ತ ಹೋದರು. ದೀಪಾವಳಿಯನ್ನು ಶ್ರಾವಣದಲ್ಲಿ ಮಾಡಿದ ಹಾಗಿತ್ತು ಎಂದು ನಾನು ವಿವರಿಸಿದರೆ ಅವರಿಗೆ ಅರ್ಥವಾಗಲಿಲ್ಲ, ಆದರೆ ತಲೆಯಾಡಿಸಿದರು. ಒರೆಗಾನ್ 49-14ರಿಂದ ಗೆದ್ದಿತು.

ಅದೇ ದಿನ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ಸ್ಟೇಟ್, ಬಿಟ್ಟು ಹೋದ ವಾಷಿಂಗ್ಟನ್ ತಂಡವನ್ನು ಕೊನೆಯ ಗಜದಲ್ಲಿ ತಡೆದು 24-19ರಿಂದ ಗೆದ್ದದ್ದು ಮಾತ್ರ ಹೊಟ್ಟೆ ತಂಪು ಮಾಡಿತು.

ಇನ್ನೊಂದು ಮುಖವೂ ಇದೆ. ಟೆಕ್ಸಸ್ ಎ ಆ್ಯಂಡ್ ಎಂ ಎಸ್‌ಇಸಿಗೆ ಹೊರಟದ್ದರಿಂದ 2011ರ ನಂತರ ನಿಂತಿದ್ದ ಟೆಕ್ಸಸ್ ಜೊತೆಗಿನ ಪಂದ್ಯ, ಟೆಕ್ಸಸ್ ಕೂಡ ಅಲ್ಲಿಗೇ ಬಂದದ್ದರಿಂದ 2024ರ ನವೆಂಬರ್ 30ರಂದು ಮತ್ತೆ ಶುರುವಾಯಿತು. ಒಡೆಯುವ ಕೈಯೇ ಕೆಲವೊಮ್ಮೆ ಕೂಡಿಸುತ್ತದೆ.

## ಕಾಗದ, ಕೋರ್ಟು, ಕೊಡು-ತಗೊಳ್ಳು

"ಈ ಗ್ರಾಂಟ್ ಆಫ್ ರೈಟ್ಸ್ ಅಂದ್ರೇನು? ಎಲ್ಲಾ ಅದರ ಸುತ್ತಾನೇ ಜಗಳ ಆಡ್ತಾರೆ."

ನಮ್ಮ ಭೋಗ್ಯದ ಮನೆ ಗೊತ್ತಲ್ಲ? ಮನೆ ನಿಮ್ಮದೇ, ಆದರೆ ದುಡ್ಡು ಇಸಿದುಕೊಂಡು ಇಷ್ಟು ವರ್ಷಕ್ಕೆಂದು ಬರೆದುಕೊಟ್ಟ ಮೇಲೆ ಅವಧಿ ಮುಗಿಯುವವರೆಗೆ ಒಳಗೆ ಕಾಲಿಡುವಂತಿಲ್ಲ. ಇದೂ ಹಾಗೆ. ಪ್ರತಿ ವಿಶ್ವವಿದ್ಯಾಲಯ ತನ್ನ ತವರಿನ ಪಂದ್ಯಗಳ ಪ್ರಸಾರ ಹಕ್ಕನ್ನು ಇಂತಿಷ್ಟು ವರ್ಷಕ್ಕೆ ಕಾನ್ಫರೆನ್ಸ್‌ಗೆ ಬರೆದುಕೊಡುತ್ತದೆ. ಮಧ್ಯದಲ್ಲಿ ಎದ್ದು ಹೋದರೆ ತಂಡ ಹೋಗುತ್ತದೆ, ಪ್ರಸಾರ ಹಕ್ಕು ಹಳೆಯ ಮನೆಯಲ್ಲೇ ಉಳಿಯುತ್ತದೆ. ಹಕ್ಕಿಲ್ಲದ ತಂಡವನ್ನು ಹೊಸಬರು ಯಾಕೆ ಸೇರಿಸಿಕೊಂಡಾರು?

ಪ್ಯಾಕ್-12ರ ಭೋಗ್ಯ 2024ಕ್ಕೆ ಮುಗಿಯುತ್ತಿತ್ತು, ಆದ್ದರಿಂದ ಎಲ್ಲರೂ ಕೈಬೀಸಿಕೊಂಡು ಹೋದರು. ಎಸಿಸಿಯದು 2036ರವರೆಗೆ. ಅದಕ್ಕೇ ಫ್ಲೋರಿಡಾ ಸ್ಟೇಟ್ 2023ರ ಡಿಸೆಂಬರ್‌ನಲ್ಲಿ, ಕ್ಲೆಮ್ಸನ್ 2024ರ ಮಾರ್ಚ್‌ನಲ್ಲಿ ತಮ್ಮದೇ ಕಾನ್ಫರೆನ್ಸ್ ಮೇಲೆ ಕೇಸು ಹಾಕಿದವು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಟಿವಿ ಹಣದಲ್ಲಿ ಶೇ. 40 ಎಲ್ಲರಿಗೂ ಸಮ, ಶೇ. 60 ಯಾರ ಪಂದ್ಯವನ್ನು ಎಷ್ಟು ಜನ ನೋಡಿದರು ಎಂಬುದರ ಮೇಲೆ. ಬಿಟ್ಟು ಹೋಗುವ ದಂಡ ವರ್ಷವರ್ಷ ಇಳಿದು 2030ರ ಹೊತ್ತಿಗೆ 7.5 ಕೋಟಿ. ಅಣ್ಣತಮ್ಮಂದಿರ ಸಮಪಾಲು ಹೋಗಿ ದುಡಿದವನಿಗೆ ಹೆಚ್ಚು ಎಂಬ ಲೆಕ್ಕ ಬಂತು. ಅವಿಭಕ್ತ ಕುಟುಂಬ ನೋಡಿದವರಿಗೆ ಇದರ ಮುಂದಿನ ಅಧ್ಯಾಯ ಗೊತ್ತು.

"ದಂಡ ಕಟ್ಟಿ ಹೋದವರು ಇದ್ದಾರಾ?"

ಇದ್ದಾರೆ. ಮೇರಿಲ್ಯಾಂಡ್‌ನಿಂದ ಎಸಿಸಿ 5.2 ಕೋಟಿ ಕೇಳಿತು, 3.14 ಕೋಟಿಗೆ ಇತ್ಯರ್ಥವಾಯಿತು. ಟೆಕ್ಸಸ್ ಮತ್ತು ಒಕ್ಲಹೋಮಾ ಬಿಗ್ 12ರಿಂದ ಒಂದು ವರ್ಷ ಮೊದಲೇ ಹೊರಡಲು ಸೇರಿ 10 ಕೋಟಿ ತೆತ್ತವು.

"ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ಕಾನ್ಫರೆನ್ಸ್‌ನಲ್ಲಿ ಏನು ಮಾಡ್ತಿದೆ?"

ಬೇರೆ ಮನೆ ಸಿಗಲಿಲ್ಲ. ಸ್ಟ್ಯಾನ್‌ಫರ್ಡ್, ಬರ್ಕ್‌ಲಿ ಮೊದಲ ಏಳು ವರ್ಷ ಟಿವಿ ಹಣದ ಶೇ. 30ರಷ್ಟು ಪಾಲಿಗೆ ಒಪ್ಪಿದವು. ಜೊತೆಗೆ ಸೇರಿದ ಡಲ್ಲಾಸ್‌ನ ಎಸ್‌ಎಂಯು ಒಂಬತ್ತು ವರ್ಷ ಆ ಹಣವೇ ಬೇಡ ಎಂದಿತು. ಅಷ್ಟು ಕಾಲ ಖರ್ಚು ನೋಡಿಕೊಳ್ಳಲು ಅದರ ಬೆನ್ನಿಗೆ ಶ್ರೀಮಂತ ಹಳೆಯ ವಿದ್ಯಾರ್ಥಿಗಳಿದ್ದಾರೆ.

ಬರ್ಕ್‌ಲಿಗೆ ಇನ್ನೊಂದು ಆದಾಯವುಂಟು. ಅದೂ ಯುಸಿಎಲ್‌ಎಯೂ ಒಂದೇ ಸರ್ಕಾರಿ ವ್ಯವಸ್ಥೆಯ ಎರಡು ಕ್ಯಾಂಪಸ್. ಯುಸಿಎಲ್‌ಎ ಬಿಟ್ಟು ಹೋದದ್ದರಿಂದ ಬರ್ಕ್‌ಲಿಗೆ ನಷ್ಟವಾಯಿತೆಂದು ವ್ಯವಸ್ಥೆಯ ಆಡಳಿತ ಮಂಡಳಿ ಯುಸಿಎಲ್‌ಎಯಿಂದ ವರ್ಷಕ್ಕೆ 1 ಕೋಟಿ ಡಾಲರ್ ಕೊಡಿಸಿತು. ಇಲ್ಲಿನವರು ಅದನ್ನು ವಿಚ್ಛೇದನದ ಜೀವನಾಂಶಕ್ಕೆ ಹೋಲಿಸಿ ನಗುತ್ತಾರೆ.

"ಇಷ್ಟು ದುಡ್ಡಿನಲ್ಲಿ ಆಡೋ ಹುಡುಗನಿಗೆ ಏನು ಸಿಗುತ್ತೆ?"

ಬಹಳ ಕಾಲ ಸ್ಕಾಲರ್‌ಶಿಪ್, ಊಟ, ವಸತಿ, ಅಷ್ಟೇ. ಕೋಚ್‌ಗಳ ಕಥೆ ಬೇರೆ. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ಮನೆಗೆ ಕಳಿಸಿತು, ಕರಾರಿನ ಪ್ರಕಾರ ಕೊಡಬೇಕಾದ ಬಾಕಿ 7.5 ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡದಿರಲು!

2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. 2025ರ ಜೂನ್ 6ರಂದು ಆಟಗಾರರ ಕೇಸಿನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ಒಂದು ರಾಜಿಯ ಪ್ರಕಾರ ಹಳೆಯ ಆಟಗಾರರಿಗೆ 280 ಕೋಟಿ ಪರಿಹಾರ. ಮುಂದಕ್ಕೆ ವಿಶ್ವವಿದ್ಯಾಲಯಗಳು ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ತಲಾ 2.05 ಕೋಟಿ. ಆ ಹಣ ಹೊಂದಿಸಲು ಇನ್ನೂ ಹೆಚ್ಚು ಟಿವಿ ದುಡ್ಡು ಬೇಕು. ಗುಳೆ ನಿಲ್ಲದಿರಲು ಇದೂ ಒಂದು ಕಾರಣವಾಯಿತು.

"ನನ್ನ ಮಗಳು ವಾಲಿಬಾಲ್ ಆಡ್ತಾಳೆ, ಕಾಲೇಜು ಹುಡುಕ್ತಿದ್ದೀವಿ. ಇದರಿಂದ ಅವಳಿಗೇನು?"

ಬೇ ಏರಿಯಾದ ಕನ್ನಡ ತಾಯಂದಿರು ಕೇಳುವ ಪ್ರಶ್ನೆ, ಎಲ್ಲಕ್ಕಿಂತ ಮುಖ್ಯವಾದದ್ದೂ ಹೌದು. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ, ವಿಶೇಷ ವಿಮಾನದಲ್ಲಿ ಹೋಗಿ ಬರುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರಿಗೆ ಪಂದ್ಯ ಹೆಚ್ಚು, ಸೌಕರ್ಯ ಕಡಿಮೆ. ಲಾಸ್ ಏಂಜಲಿಸ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ 3,900 ಕಿ.ಮೀ., ಬೆಂಗಳೂರು–ದೆಹಲಿ ದೂರದ ಎರಡು ಪಟ್ಟಿಗೂ ಹೆಚ್ಚು, ಮೂರು ಗಂಟೆ ಸಮಯ ವ್ಯತ್ಯಾಸ ಬೇರೆ. ಒಪ್ಪಂದಕ್ಕೆ ಸಹಿ ಹಾಕಿದವರು ಯಾರೂ ಇವರ ಪಂದ್ಯ ಮಾರಲು ಕೂತಿರಲಿಲ್ಲ.

ಹಾಗಾಗಿ ಕ್ಯಾಂಪಸ್ ನೋಡಲು ಹೋದಾಗ ಕೋಚ್ ಹತ್ತಿರ ಎರಡು ಕೇಳಿ. ಕಳೆದ ವರ್ಷದ ಪ್ರಯಾಣದ ಪಟ್ಟಿ ತೋರಿಸಿ ಎನ್ನಿ, ಅದರಲ್ಲಿ ಎಷ್ಟು ಮಂಗಳವಾರ, ಬುಧವಾರ ತರಗತಿ ತಪ್ಪಿದೆ ಎಣಿಸಿ. ಎರಡನೆಯದು, ತಂಡದಲ್ಲಿ ಎಷ್ಟು ಜನರಿಗೆ ಜಾಗ ಎಂದು ಕೇಳಿ. 2025ರ ಆಟಗಾರರ ರಾಜಿಯ ನಂತರ ಸ್ಕಾಲರ್‌ಶಿಪ್ ಸಂಖ್ಯೆಯ ಮಿತಿ ಹೋಗಿ ತಂಡದ ಒಟ್ಟು ಸಂಖ್ಯೆಗೇ ಮಿತಿ ಬಂದಿದೆ. ಕೊನೆಯಲ್ಲಿ ಸೇರಿಕೊಳ್ಳುತ್ತಿದ್ದವರಿಗೆ ಅದರಿಂದ ಬಾಗಿಲು ಕಿರಿದಾಗಿದೆ.

"ಎಲ್ಲರೂ ಸೇರಿ ಐಪಿಎಲ್ ತರಹ ಒಂದೇ ಸಲ ಮಾರಿದ್ರೆ ಜಾಸ್ತಿ ಬರಲ್ವಾ?"

ಬರಬಹುದು. ಟೆಕ್ಸಸ್ ಟೆಕ್‌ನ ಆಡಳಿತ ಮಂಡಳಿಯ ಮುಖ್ಯಸ್ಥ ಕೋಡಿ ಕ್ಯಾಂಬೆಲ್ ಇದನ್ನೇ ಹೇಳುತ್ತ 2025ರಲ್ಲಿ ಪಂದ್ಯಗಳ ನಡುವೆ ಟಿವಿ ಜಾಹೀರಾತು ಹಾಕಿಸಿದರು: 1961ರ ಕಾಯ್ದೆ ತಿದ್ದಿ, ಕಾಲೇಜುಗಳಿಗೂ ಒಟ್ಟಾಗಿ ಮಾರುವ ಹಕ್ಕು ಕೊಡಿ ಎಂದು. ಬಿಗ್ ಟೆನ್, ಎಸ್‌ಇಸಿಗೆ ಇದು ರುಚಿಸಿಲ್ಲ. ತಮ್ಮ ತಟ್ಟೆ ತುಂಬಿರುವಾಗ ಸಾಮೂಹಿಕ ಭೋಜನ ಯಾರಿಗೆ ಬೇಕು? 1984ರ ಆ ಕೇಸಿನಲ್ಲಿ ಒಟ್ಟಾಗಿ ಮಾರುವುದು ಅನ್ಯಾಯ ಎಂದು ಕೋರ್ಟಿಗೆ ಹೋದವರು ಸರ್ಕಾರಿ ವಿಶ್ವವಿದ್ಯಾಲಯದವರು, ನಲವತ್ತು ವರ್ಷದ ಮೇಲೆ ಒಟ್ಟಾಗಿ ಮಾರಲು ಬಿಡಿ ಎಂದು ಅಂಗಲಾಚುತ್ತಿರುವವರೂ ಸರ್ಕಾರಿ ವಿಶ್ವವಿದ್ಯಾಲಯದವರೇ.

"ಮತ್ತೆ ಯಾವಾಗ ಒಡೆಯುತ್ತೆ? ನಿಮ್ಮ ಅಂದಾಜು?"

ಜ್ಯೋತಿಷ್ಯ ಬೇಡ, ಒಪ್ಪಂದಗಳು ಮುಗಿಯುವ ದಿನ ನೋಡಿದರೆ ಸಾಕು. ಬಿಗ್ ಟೆನ್‌ನದು 2029–30ರ ಋತುವಿಗೆ ಮುಗಿಯುತ್ತದೆ. ಬಿಗ್ 12ರದು ಮರುವರ್ಷ. ಎಸಿಸಿ ಬಿಡುವ ದಂಡ ಕೆಳಮಟ್ಟಕ್ಕೆ ಇಳಿಯುವುದೂ ಅದೇ ಹೊತ್ತಿಗೆ. ಪ್ಲೇಆಫ್ ಒಪ್ಪಂದ 2031–32ರವರೆಗೆ, ಮಾರ್ಚ್ ಬ್ಯಾಸ್ಕೆಟ್‌ಬಾಲ್ 2032, ಎಸ್‌ಇಸಿ 2033–34, ಎಸಿಸಿ 2036. ಹೊಸ ಒಪ್ಪಂದದ ಮಾತು ಹಳೆಯದು ಮುಗಿಯುವ ಒಂದೆರಡು ವರ್ಷ ಮೊದಲೇ ಶುರುವಾಗುತ್ತದೆ. ಹಾಗಾಗಿ 2028ರ ಬೇಸಿಗೆಯಿಂದ ಜೂನ್ ಕೊನೆ, ಆಗಸ್ಟ್ ಮೊದಲ ವಾರದ ಸುದ್ದಿಗಳ ಮೇಲೆ ಒಂದು ಕಣ್ಣಿಟ್ಟಿರಿ. ಇಂಥ ಸುದ್ದಿ ಹೆಚ್ಚಾಗಿ ಮೈದಾನ ಖಾಲಿ ಇರುವ ತಿಂಗಳುಗಳಲ್ಲೇ ಬರುವುದು.